ಫೆಲ್ಸಿ ಬಾಯಿ ತಂದ ಜಪಾನು

ಫೆಲ್ಸಿ ಬಾಯಿ ಯಾವ ಸಾಮಾನನ್ನೂ ಬರೀ ಕಣ್ಣಿನಿಂದ ನೋಡಿ ಕೊಂಡವರಲ್ಲ. ಮೊದಲು ಬೆರಳಿನ ಗೆಣ್ಣಿನಿಂದ ಕುಟ್ಟುತ್ತಿದ್ದರು, ಕಿವಿಯನ್ನು ಹತ್ತಿರ ಒಯ್ಯುತ್ತಿದ್ದರು, ಆಮೇಲೆ ಮೂಸುತ್ತಿದ್ದರು. ಕಲ್ಲಂಗಡಿಗಾದರೆ ಸರಿ. ಬಾಯಿ ಬಕೆಟ್ಟನ್ನೂ ಕುಟ್ಟುತ್ತಿದ್ದರು, ಕುರ್ಚಿಯನ್ನೂ ಕುಟ್ಟುತ್ತಿದ್ದರು. ಒಮ್ಮೆ ಮನಾಮದ ಪೇಟೆಯಲ್ಲಿ ನಾನು ಆರಿಸಿಟ್ಟ ಥರ್ಮಾಸನ್ನೂ ಹಾಗೇ ಪರೀಕ್ಷೆ ಮಾಡಿ, ಅದು ಯಾವ ಊರಿನದೆಂದು ಅಂಗಡಿಯವನನ್ನು ಹಿಂದಿಯಲ್ಲಿ ಕೇಳಿದರು: "ಯೇ ಕಿದರ್ ಕಾ ಹೈ?"

"ಜಪಾನ್, ಮೇಡಂ. ಫಸ್ಟ್ ಕ್ಲಾಸ್."

"ಜಪಾನ್ ಮೇ ಕಿದರ್?"

ಅವನು ನನ್ನ ಮುಖ ನೋಡಿದ. ನಾನು ಆಚೆ ತಿರುಗಿ ನಗು ನುಂಗಿದೆ.

ನಾನು ಮದುವೆಯಾಗಿ ಬಹ್ರೇನಿಗೆ ಬಂದದ್ದು ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ. ಮನಾಮದ ಸೆಗಯಾ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ಕೆಳಗಿನ ಮನೆ ನಮ್ಮದು, ಮೇಲಿನ ಒಂಟಿ ಕೋಣೆ ಬಾಯಿಯದು. ಅವರು ಮಂಗಳೂರಿನ ಬೋಂದೆಲಿನವರು. ಗಂಡ ತೀರಿಕೊಂಡ ಮೇಲೆ ಮಗಳು ಐರಿನ್‌ಳನ್ನು ಅಮ್ಮನ ಮಡಿಲಿಗೆ ಹಾಕಿ ಆಯಾ ಕೆಲಸಕ್ಕೆ ಬಂದವರು. ನಾನು ಕಂಡಾಗ ಜಪಾನಿನ ಒಬ್ಬ ಕಂಪೆನಿ ಅಧಿಕಾರಿಯ ಮನೆಯಲ್ಲಿ ಅವರ ಪುಟ್ಟ ಮಗಳನ್ನು ನೋಡಿಕೊಳ್ಳುತ್ತಿದ್ದರು. ಆ ಮಗು ಬಾಯಿಯ ಸೊಂಟದ ಮೇಲೆ ಕುಳಿತು ಕೊಂಕಣಿಯಲ್ಲಿ ಹಟ ಮಾಡುತ್ತಿತ್ತು. ಬಾಯಿ ಜಪಾನಿಯಲ್ಲಿ ಗದರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಆ ಕುಟುಂಬ ರಜೆಗೆ ಜಪಾನಿಗೆ ಹೊರಟಾಗ ಬಾಯಿಯನ್ನೂ ಕರೆದುಕೊಂಡು ಹೊರಟಿತು. ಸುದ್ದಿ ಹಬ್ಬಿದ್ದೇ ತಡ, ಬಾಯಿಯ ಮೆಟ್ಟಿಲಲ್ಲಿ ಚಪ್ಪಲಿಗಳ ರಾಶಿ. ಒಬ್ಬರಿಗೆ ಕ್ಯಾಮರಾ, ಒಬ್ಬರಿಗೆ ನೈಲಾನ್ ಸೀರೆ. ಕೆಳಗೆ ಕೋಲ್ಡ್ ಸ್ಟೋರ್ ಎನ್ನುವ ದಿನಸಿ ಅಂಗಡಿ ಇಟ್ಟಿದ್ದ ಉಳ್ಳಾಲದ ಹಮೀದಾಕನಿಗೆ ಕೈಗಡಿಯಾರ. ಎಲ್ಲಕ್ಕಿಂತ ಭಾರದ ಬೇಡಿಕೆ ಬಂದದ್ದು ಸ್ಟೆಲ್ಲಾಳಿಂದ. ಐರಿನ್‌ಗೆ ಮದುವೆಗೆ ನಿಶ್ಚಯವಾಗಿದ್ದ ಹುಡುಗ ವಿಲ್ಲಿ. ಬಹ್ರೇನಿನಲ್ಲೇ, ಅಸ್ಕರ್ ಹತ್ತಿರದ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಕೆಲಸ. ಸ್ಟೆಲ್ಲಾ ಅವನ ಅತ್ತಿಗೆ, ಮನಾಮದಲ್ಲೇ ಇದ್ದವಳು.

"ಬಾಯಿ, ಹುಡುಗನಿಗೆ ಅಂತ ಒಂದು ಟೂ-ಇನ್-ವನ್ ತಂದರೆ ಸಾಕು. ರೇಡಿಯೋ, ಟೇಪು ಒಟ್ಟಿಗೆ ಇರ್ತದಲ್ಲ, ದೊಡ್ಡದು, ಎರಡು ಸ್ಪೀಕರಿದ್ದು. ನಾವು ಬೇರೆ ಏನೂ ಕೇಳುವವರಲ್ಲ" ಎಂದು ಅವಳು ನಗುನಗುತ್ತಲೇ ಹೇಳಿ ಹೋದಳು.

ಬಾಯಿ ಯಾರಿಗೂ ಇಲ್ಲವೆನ್ನಲಿಲ್ಲ, ಹೌದು ಎಂದೂ ಹೇಳಲಿಲ್ಲ. "ನೋಡುವ" ಎಂದರು.

ತಿರುಗಿ ಬಂದ ಮೇಲಿನ ಮೊದಲ ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ಇಗರ್ಜಿಯಿಂದ ನೇರವಾಗಿ ಬಂದವರೆಲ್ಲ ಆ ಕೋಣೆಯಲ್ಲಿ ಮಂಡಿಗೆ ಮಂಡಿ ತಾಗಿಸಿ ಕುಳಿತರು. ಬಾಯಿ ಸೂಟ್‌ಕೇಸ್ ತೆರೆದರು. ಒಳಗೆ ಅಂದವಾಗಿ ಕಾಗದ ಸುತ್ತಿದ ಪೊಟ್ಟಣಗಳು. ಮೊದಲನೆಯದು ಬಿಚ್ಚಿದಾಗ ಬಂದದ್ದು ಕೈಕಾಲಿಲ್ಲದ ಮರದ ಬೊಂಬೆ. ಆಮೇಲೆ ಚೆರಿ ಮರದ ತೊಗಟೆ ಹೊದಿಸಿದ ಚಹಾದ ಡಬ್ಬಿ, ನೀಲಿ ಬಟ್ಟೆಯ ತುಂಡು, ಉಪ್ಪಿನಲ್ಲಿ ಹಾಕಿದ ಕೆಂಪು ಹಣ್ಣು, ನಮ್ಮ ಹೋಳಿಗೆಯ ಹೂರಣವನ್ನೇ ಇಟ್ಟಿಗೆಯಂತೆ ಕತ್ತರಿಸಿಟ್ಟ ಹಾಗೆ ಕಾಣುವ ಸಿಹಿ. ಪ್ರತಿಯೊಂದನ್ನೂ ಎತ್ತಿಕೊಡುವಾಗ ಅದು ಯಾವ ಊರಿನದು, ಆ ಊರಿಗೆ ರೈಲಿನಲ್ಲಿ ಹೋದದ್ದು ಹೇಗೆ, ಅಂಗಡಿಯ ಮುದುಕಿಗೆ ಎಷ್ಟು ಹಲ್ಲು ಉಳಿದಿದ್ದವು, ಎಲ್ಲ ಹೇಳಬೇಕು.

ಹಮೀದಾಕನ ಕೈಗೆ ಬಂದದ್ದು ಒಣ ಮೀನಿನ ಒಂದು ಗಟ್ಟಿ. ಅದನ್ನು ಅವರು ಬಾಗಿಲಿಗೆ ಬಡಿದು ನೋಡಿದರು. ಬಾಗಿಲೇ ಸದ್ದು ಮಾಡಿತು. "ಇದು ಮೀನಾ ಬಾಯಿ, ದೋಣಿಯ ತುಂಡಾ?"

"ಕೆತ್ತಿ ತಿನ್ನಬೇಕು ಹಮೀದಾಕ. ಮರ ಕೆತ್ತಿದ ಹಾಗೆ."

ಬೊಂಬೆಯ ಕಥೆಯನ್ನು ಬಾಯಿ ಎದ್ದು ನಿಂತು ಅಭಿನಯಿಸಿದರು. ಬಿಸಿನೀರಿನ ಬುಗ್ಗೆಗಳಿರುವ ಯಾವುದೋ ಬೆಟ್ಟದ ಊರು. ಬೊಂಬೆ ಕಡೆಯುವ ಚರಕಿಯ ಮುಂದೆ ಕುಳಿತ ಮುದುಕ. ಭಾಷೆ ಇಬ್ಬರಿಗೂ ಅಷ್ಟಕ್ಕಷ್ಟೇ. ಇವರು ಬೊಂಬೆಯನ್ನು ಕುಟ್ಟಿದ್ದು ಕಂಡು ಅವನು ಹತ್ತಿರ ಬಂದು, ಅದರ ತಲೆ ಹಿಡಿದು ತಿರುಗಿಸಿದನಂತೆ. ಬೊಂಬೆ ಕುಂಯ್ ಎಂದು ಅತ್ತಿತು. ಬಾಯಿ ನಕ್ಕರು, ಅವನೂ ನಕ್ಕ. "ನಮ್ಮ ಚನ್ನಪಟ್ಟಣದವರು ಉಂಟಲ್ಲ, ಅವರ ತಮ್ಮನೇ ಆಗ್ಬೇಕು ಅವ" ಎಂದು ಬಾಯಿ ಬೊಂಬೆಯ ಕುತ್ತಿಗೆ ತಿರುಗಿಸಿದರು. ಎಲ್ಲರೂ ನಕ್ಕರು, ಸ್ಟೆಲ್ಲಾಳೊಬ್ಬಳನ್ನು ಬಿಟ್ಟು. ಅವಳ ಮಡಿಲಲ್ಲಿ ಅರಗಿನ ಹೊಳಪಿನ, ಒಳಗೆ ಕೆಂಪು ಹೊರಗೆ ಕಪ್ಪು ಬಣ್ಣದ ಎರಡು ಬಟ್ಟಲುಗಳಿದ್ದವು.

"ಇದು ಮರದ್ದಾ?"

"ಹೌದು. ವಿಲ್ಲಿಗೆ ಒಂದು, ಐರಿನ್‌ಗೆ ಒಂದು."

"ಜಪಾನಿಗೆ ಹೋಗಿ ಮರದ ಬಟ್ಟಲು!" ಎಂದು ಸ್ಟೆಲ್ಲಾ ಬಟ್ಟಲುಗಳನ್ನು ಅಲ್ಲೇ ಇಟ್ಟು ಎದ್ದಳು. ಮೆಟ್ಟಿಲಿಳಿಯುವಾಗ, ಸಂಬಂಧದ ವಿಷಯ ಮನೆಯಲ್ಲಿ ಇನ್ನೊಮ್ಮೆ ಮಾತಾಡಬೇಕಾಗುತ್ತದೆ ಎಂದಳು.

ಮರುದಿನ ಸಂಜೆ ನಾನು ನೀರುದೋಸೆ ಹಿಡಿದುಕೊಂಡು ಮೇಲೆ ಹೋದೆ. ಬಾಯಿ ಕಿಟಕಿಯ ಬಳಿ ಕುಳಿತಿದ್ದರು. ಬಟ್ಟಲುಗಳು ಹಾಸಿಗೆಯ ಮೇಲೇ ಇದ್ದವು.

"ಒಂದು ಟೂ-ಇನ್-ವನ್ ತಂದು ಬಿಸಾಡಿದ್ದರೆ ಮುಗೀತಿತ್ತಲ್ಲ ಬಾಯಿ?" ಎಂದೆ.

"ಅದು ಇಲ್ಲೇ ಪೇಟೆಯಲ್ಲಿ ಬೇಕಾದಷ್ಟು ಸಿಗ್ತದೆ ಮಾರಾಯ್ತಿ. ಅದಕ್ಕೆ ಜಪಾನಿಗೆ ಯಾಕೆ ಹೋಗ್ಬೇಕು?" ಎಂದರು. ದೋಸೆಯ ತಟ್ಟೆಯನ್ನು ಪಕ್ಕಕ್ಕಿಟ್ಟು ಮುಂದುವರಿಸಿದರು. "ಹೋಗುವ ಮೊದಲು ನಮ್ಮ ಮನೆಯ ಮೇಡಂ ಹೇಳಿದ್ರು, ಜಪಾನಿನಲ್ಲಿರುವ ಮಗುವಿನ ಅಜ್ಜಿಗೆ ನೀನೂ ಏನಾದರೂ ತಕ್ಕೊ, ಬಹ್ರೇನಿನದ್ದೇ ಆಗ್ಬೇಕು ಅಂತ. ನಾನು ಪೇಟೆಯೆಲ್ಲ ಸುತ್ತಿದೆ. ಎಲ್ಲ ಹೊರಗಿನಿಂದ ಬಂದದ್ದು. ಕೊನೆಗೆ ಹಲ್ವಾದ ಅಂಗಡಿಯಲ್ಲಿ ನಿಂತೆ. ಇಷ್ಟು ವರ್ಷ ಇಲ್ಲಿದ್ದೇನೆ, ಆ ಹಲ್ವಾ ಕಲಸುವವನ ಮುಖ ಸರಿಯಾಗಿ ನೋಡಿದ್ದು ಅವತ್ತೇ. ಅಜ್ಜಿ ಎಂತ ಮಾಡಿದರು ಗೊತ್ತುಂಟಾ? ಅದನ್ನು ಮೊದಲು ಸತ್ತುಹೋದ ಗಂಡನ ಫೋಟೋದ ಮುಂದೆ ಇಟ್ಟರು. ಕೈ ಮುಗಿದು, ಬಹ್ರೇನಿಂದ ಬಂದಿದೆ ಅಂತ ಅವರಿಗೆ ಹೇಳಿದರು. ಆಮೇಲೆ ಮನೆಯವರಿಗೆಲ್ಲ ಚೂರು ಚೂರು. ನನಗೂ."

ಅವರ ದನಿ ಇಳಿಯಿತು. "ಪ್ರತಿ ಸಲ ಊರಿಗೆ ಹೋಗುವಾಗ ಪೌಡರು, ಸೋಪು, ಟಾರ್ಚು ಹೊತ್ತುಕೊಂಡು ಹೋಗ್ತೇನೆ. ನಾನು ಎಲ್ಲಿದ್ದೇನೆ, ಹೇಗಿರುವ ಊರಿದು ಅಂತ ನನ್ನ ಮಗಳಿಗೆ ಅದರಲ್ಲಿ ಒಂದಾದರೂ ಹೇಳ್ತದಾ? ಈ ಸಲ ಹಾಗೆ ಬೇಡ ಅನಿಸಿತು. ಅವಳ ಮದುವೆಗೇ ಅದು ಮುಳ್ಳಾಗ್ತದೆ ಅಂತ ಗೊತ್ತಿರಲಿಲ್ಲ."

ಆ ವಾರ ಬಾಯಿ ಯಾವುದನ್ನೂ ಕುಟ್ಟಲಿಲ್ಲ, ಯಾರ ಹತ್ತಿರವೂ ಚೌಕಾಶಿ ಮಾಡಲಿಲ್ಲ. ಕೊನೆಗೆ ಪೇಟೆಗೆ ಹೋಗಿ ಒಂದು ಟೂ-ಇನ್-ವನ್ ತಂದುಬಿಡುವುದೆಂದು ಚಪ್ಪಲಿ ಮೆಟ್ಟಿದ್ದೂ ಉಂಟು. ಅಷ್ಟರಲ್ಲಿ ಶುಕ್ರವಾರ ಬಂತು, ಅದರ ಜೊತೆಗೆ ವಿಲ್ಲಿಯೂ ಬಂದ.

ಒಬ್ಬನೇ ಬಂದಿದ್ದ. ಅಸ್ಕರ್‌ನಿಂದ ಕಂಪೆನಿ ಬಸ್ಸು ಹಿಡಿದು ಬಂದವನ ಬೂಟಿನ ತುಂಬ ಧೂಳು. ಬಾಯಿ ಗಾಬರಿಯಲ್ಲಿ ನನ್ನನ್ನೂ ಮೇಲೆ ಕರೆಸಿಕೊಂಡರು. ಅವನು ಕುರ್ಚಿಯ ತುದಿಯಲ್ಲಿ ಕುಳಿತು, "ಮಾಂಯ್, ಆ ಬಟ್ಟಲು ನೋಡ್ಬಹುದಾ?" ಎಂದ. ಅತ್ತೆಯನ್ನು ಕೊಂಕಣಿಯಲ್ಲಿ ಹಾಗೆ ಕರೆಯುವುದು. ಆ ಒಂದು ಮಾತಿಗೇ ಬಾಯಿಯ ಕಣ್ಣು ತುಂಬಿತು.

ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದ. "ಎಷ್ಟು ಹಗುರ ಉಂಟು! ಗಂಜಿ ಹಾಕಿದರೆ ಕೈ ಸುಡ್ಲಿಕ್ಕಿಲ್ಲ."

"ಸ್ಟೆಲ್ಲಾ ಏನೋ ಬೇರೆ ಹೇಳಿದಳಲ್ಲ, ಮಗಾ..."

"ಅದು ಅತ್ತಿಗೆಯ ಆಸೆ ಮಾಂಯ್, ನಂದಲ್ಲ. ನಮ್ಮ ಕ್ಯಾಂಪಿಗೊಮ್ಮೆ ಬಂದು ನೋಡಿ. ಮಂಚಕ್ಕೊಂದು ಟೂ-ಇನ್-ವನ್. ಒಂದರಲ್ಲಿ ಹಿಂದಿ, ಒಂದರಲ್ಲಿ ಮಲಯಾಳ, ಒಂದರಲ್ಲಿ ಅರಬ್ಬಿ. ಶಿಫ್ಟ್ ಮುಗಿಸಿ ಬಂದವನಿಗೆ ಕಣ್ಣು ಮುಚ್ಚಲಿಕ್ಕಿಲ್ಲ. ಹಾಡದೇ ಇರುವ ಸಾಮಾನು ತಂದಿದ್ದೀರಿ, ನನಗೆ ಅದೇ ದೊಡ್ಡದು."

ಬಾಯಿ ನಕ್ಕ ರಭಸಕ್ಕೆ ಕೆಳಗಿನಿಂದ ಹಮೀದಾಕ ಏನಾಯಿತೆಂದು ಕೂಗಿ ಕೇಳಿದರು. ಅಷ್ಟು ಹೊತ್ತಿಗೆ ಅವರೂ ದೋಣಿಯ ತುಂಡನ್ನು ಕೆತ್ತಿ ತೆಂಗಿನಕಾಯಿ ಚಟ್ನಿಗೆ ಹಾಕಿ ತಿಂದು, ಇನ್ನೊಂದು ತರಿಸಲು ದಾರಿ ಹುಡುಕುತ್ತಿದ್ದರು.

ಐರಿನ್‌ಳ ಮದುವೆ ಮರುವರ್ಷ ಬೋಂದೆಲಿನಲ್ಲಿ ಚೆನ್ನಾಗಿಯೇ ನಡೆಯಿತು. ಸ್ಟೆಲ್ಲಾ ಮುಂದೆ ನಿಂತು ಬಡಿಸಿದಳು. ಬಾಯಿ ಬಹ್ರೇನಿನ ಹಲ್ವಾ ಹೊತ್ತು ತಂದು, ಮದುವೆಗೆ ಬಂದವರಿಗೆಲ್ಲ ಅದನ್ನು ಕಲಸುವವನ ವರ್ಣನೆ ಮಾಡಿದರಂತೆ. ಜಪಾನಿನ ಆ ಬೆಟ್ಟದ ಊರಿನ ಬೊಂಬೆಯ ಮುದುಕನಿಗೆ ಮೇಡಂ ಮೂಲಕ ಚನ್ನಪಟ್ಟಣದ ಬುಗುರಿಯೂ ಹೋಯಿತು.

ಎಂಬತ್ತರ ದಶಕದ ನಡುವೆ ಬಾಯಿ ಕೆಲಸ ಬಿಟ್ಟು ಊರು ಸೇರಿದರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಒಂದು ರಜೆಯಲ್ಲಿ, ಮಂಗಳೂರಿನ ಬಸ್ ನಿಲ್ದಾಣದಲ್ಲಿ. ಕಾಲು ಸ್ವಲ್ಪ ಊದಿತ್ತು. ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದರು. ಕೈಯಲ್ಲಿದ್ದ ಚೀಲವನ್ನು ನಾನು ಎತ್ತಿಕೊಡಲು ಹೋದರೆ ಅದು ಗಾಳಿಯಷ್ಟು ಹಗುರ.

"ಇದರಲ್ಲಿ ಏನೂ ಇಲ್ಲವಲ್ಲ ಬಾಯಿ!"

"ಎರಡು ಸೀರೆ ಉಂಟು. ಬಾಕಿ ಜಾಗ ಬೇಕು. ಇಳಕಲ್ ಅಂತೆ, ಬೀದರ್ ಅಂತೆ, ಬರೀ ಹೆಸರು ಕೇಳಿದ್ದು. ಸಮುದ್ರ ದಾಟಿ ಹೋದವಳು ನಾನು ಘಟ್ಟದ ಆಚೆ ನೋಡಿಯೇ ಇಲ್ಲ."

ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಹೇಗೋ ಹತ್ತಿ ಕಿಟಕಿಯ ಸೀಟನ್ನೇ ಹಿಡಿದರು. ಹೊರಟ ಬಸ್ಸಿನಿಂದ ಕತ್ತು ಹೊರಗೆ ಹಾಕಿದಾಗ ಕಂಡಕ್ಟರ್ ಗದರಿದ. ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಾಯಿ ನನ್ನ ಕಡೆ ಕೈಬೀಸಿದರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಆ ಕೈ ಹೊರಗೇ ಇತ್ತು.