ಅತ್ತೆ, ಅಳಿಯ ಮತ್ತು ತೆಗೆಸಿದ ಗೋಡೆ

ನವಿಲಿನ ಪಕ್ಕದ ಮನೆಯಲ್ಲಿ ಎಷ್ಟೋ ವರ್ಷ ಬಾಳಿದರೂ ನಾನು ಒಂದು ದಿನವೂ ನವಿಲು ನೋಡಿದವನಲ್ಲ. ಕೂಗು ಕೇಳುತ್ತಿತ್ತು, ಅಷ್ಟೇ. ತೆಲುಗು ಸೀಮೆಯ ಈ ಮಹಾನಗರದಲ್ಲಿ, ತಾರ್ನಾಕ ಬಡಾವಣೆಯ ನಮ್ಮ ಫ್ಲ್ಯಾಟಿನ ಹಿಂದೆಯೇ ಹಳೆಯ ವಿಶ್ವವಿದ್ಯಾಲಯದ ಕಾಂಪೌಂಡು. ಅದರಾಚೆ ಬೇವು, ಹೊಂಗೆ, ಹೆಸರು ಗೊತ್ತಿಲ್ಲದ ಮುಳ್ಳುಕಂಟಿ. ಇದನ್ನೆಲ್ಲ ನೋಡಲೆಂದೇ ಬಿಲ್ಡರ್ ಮಹಾಶಯ ಎರಡನೇ ಮಹಡಿಯಲ್ಲಿ ಒಂದು ಬಾಲ್ಕನಿ ಕೊಟ್ಟಿದ್ದ. ನಾವು ಅಲ್ಲಿ ಖಾಲಿ ಸಿಲಿಂಡರು, ವಾಷಿಂಗ್ ಮಷೀನು, ಕೆಟ್ಟುಹೋದ ಕೂಲರು, ಜೋಳದ ಡಬ್ಬಿ ಎಲ್ಲ ಒಟ್ಟಿ, ಮೇಲಿಂದ ಒಂದು ಹಳೇ ಸೀರೆ ಇಳಿಬಿಟ್ಟು ಸುಖವಾಗಿದ್ದೆವು. ಬಾಲ್ಕನಿ ವಿಷಯದಲ್ಲಿ ಈ ಊರಿನವರೆಲ್ಲ ಒಂದೇ ಕುಲ. ಬೇಕಾದರೆ ಲೋಕಲ್ ಟ್ರೇನಿನಲ್ಲಿ ಲಿಂಗಂಪಲ್ಲಿವರೆಗೆ ಎರಡೂ ಕಡೆ ನೋಡುತ್ತ ಹೋಗಿ.

ಇಂಥ ಮನೆಗೆ ನನ್ನ ಅತ್ತೆಯವರು ಬಂದರು. ಮುದ್ದೇಬಿಹಾಳದಲ್ಲಿ ಮೈದುನನ ತುಂಬು ಸಂಸಾರದ ಜೊತೆ ಇದ್ದವರು ಅಂಗಳದಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದರು. ಇಲ್ಲಿ ಆಪರೇಷನ್ ಆಯಿತು, ಕೈಗೆ ವಾಕರ್ ಬಂತು. ನನ್ನ ಹೆಂಡತಿ ಶಶಿ ಅವರ ಒಬ್ಬಳೇ ಮಗಳು. ಅವ್ವ ಇನ್ನು ತನ್ನ ಹತ್ತಿರವೇ ಇದ್ದುಬಿಡಲಿ ಅನ್ನುವುದು ಅವಳ ಜೀವದ ಆಸೆ. ಅತ್ತೆಯವರದು ಮಾತ್ರ ದಿನಾ ಒಂದೇ ರಾಗ.

"ಎತ್ತ ನೋಡಿದ್ರೂ ಗ್ವಾಡಿ. ಕಣ್ಣಿಗೆ ಒಂದ ಗಿಡಾ ಕಾಣವಲ್ದು. ನನ್ನ ಊರಿಗೆ ಕಳಿಸಿಬಿಡವಾ ತಾಯಿ."

ಶಶಿ ಸುಮ್ಮನೆ ಕೂಡುವ ಪೈಕಿಯಲ್ಲ. ಯಾರನ್ನೋ ಕೇಳಿ ಒಬ್ಬ ಇಂಟೀರಿಯರ್ ಡಿಸೈನರ್ ಹುಡುಗಿಯನ್ನು ಕರೆಸಿದಳು. ಆ ಹುಡುಗಿ ಹಾಲಿನ ಹಿಂದಿನ ಗೋಡೆಗೆ ಎರಡು ಸಲ ಬೆರಳಿನಿಂದ ಕುಟ್ಟಿ, "ಲೋಪಲಾ ಬಯಟಾ ಒಕಟೇ ಅಯಿಪೋವಾಲಿ ಅಂಕಲ್" ಅಂದಳು. ಒಳಗೂ ಹೊರಗೂ ಒಂದೇ ಆಗಿಬಿಡಬೇಕಂತೆ! ಕೇಳಿದರೆ ವೇದಾಂತ, ಮಾಡುವಾಗ ಮಾತ್ರ ಮನೆ ತುಂಬ ಸಿಮೆಂಟಿನ ಧೂಳು. ಬಾಲ್ಕನಿಗೂ ಹಾಲಿಗೂ ನಡುವಿನ ಗೋಡೆ ಹೋಯಿತು. ಅಡುಗೆಮನೆಯಿಂದಲೂ ಹಸಿರು ಕಾಣಲಿ ಅಂತ ಅದರ ಗೋಡೆಯೂ ಹೋಯಿತು. ನೆಲದಿಂದ ಸೂರಿನವರೆಗೆ ಗಾಜು ಬಂತು. ನೆಲಕ್ಕೆ ಒರಟು ಕಲ್ಲು ಹಾಸಿ, "ನ್ಯಾಚುರಲ್ ಸ್ಟೋನ್" ಅಂತ ಹೆಮ್ಮೆಯಿಂದ ಹೇಳಿದಳು. ಅತ್ತೆಯವರು ವಾಕರ್ ಊರಿಕೊಂಡು ಬಂದು ನೋಡಿ, "ಇದು ನಮ್ಮ ಬಚ್ಚಲದಾಗಿನ ಪರಸಿ ಅಲ್ಲೇನು!" ಅಂದರು.

ಆದರೂ ಅವರ ಮುಖ ಅರಳಿತ್ತು. ಒಳಕೋಣೆಯಲ್ಲಿದ್ದ ಅವರ ಮಂಚವನ್ನು ಹಾಲಿಗೆ ತಂದು ಗಾಜಿನ ಎದುರಿಗೇ ಹಾಕಿಸಿದ್ದೆವು. ಮಲಗಿದಲ್ಲಿಂದಲೇ ಬೇವಿನ ಗಿಡ ಕಾಣುತ್ತಿತ್ತು. ಶಶಿ ನನ್ನ ಕಡೆ ನೋಡಿದ ನೋಟದಲ್ಲಿ ಗೆದ್ದೆನೆಂಬ ಸಡಗರವಿತ್ತು.

ಅಂದು ಸಂಜೆ ಆಫೀಸಿನಿಂದ ಬಂದು ನಾನು ಹಾಲಿನಲ್ಲಿ ಕಾಲಿಟ್ಟೆ. ಅತ್ತೆಯವರು ಸೆರಗು ತಲೆ ಮೇಲೆ ಎಳೆದುಕೊಂಡು, ವಾಕರ್ ಹಿಡಿದು, ನೋವಿಗೆ ಹಲ್ಲು ಕಚ್ಚಿ ಎದ್ದು ನಿಂತರು.

ಗೊತ್ತಿಲ್ಲದವರಿಗೆ ಹೇಳಬೇಕು. ಅತ್ತೆಯವರ ಕಾಲದ ಹೆಂಗಸರು ಅಳಿಯನ ಎದುರಿಗೆ ಕೂಡುವುದಿಲ್ಲ. ಅಳಿಯನ ಜೊತೆ ನೇರ ಮಾತೂ ಇಲ್ಲ. ನಾನು ಎದುರಿಗೇ ನಿಂತಿದ್ದರೂ, "ಶಶೀ, ಅವರಿಗೆ ಚಹಾ ಬೇಕೇನು ಕೇಳು" ಅನ್ನಬೇಕು. ನಾನು, "ಸ್ವಲ್ಪ ಕೊಡಿ ಅನ್ನು" ಅನ್ನಬೇಕು. ನಮ್ಮ ಕಡೆಯ ಮನೆಗಳಲ್ಲಿ ಪಡಸಾಲೆಗೂ ಅಡುಗೆಮನೆಗೂ ನಡುವೆ ಮೊಳದಪ್ಪದ ಗೋಡೆ ಇರುವುದು ಬಿಸಿಲಿಗಾಗಿ ಅಂತ ತಿಳಿದವರು ಹೇಳುತ್ತಾರೆ. ನನಗೇನೋ ಅದನ್ನು ಕಟ್ಟಿದ್ದು ಅಳಿಯಂದಿರಿಗಾಗಿಯೇ ಅನ್ನಿಸುತ್ತದೆ. ಸಂಸ್ಕೃತ ನಾಟಕದವರು ಯವನಿಕೆ ಅಂತ ಒಂದು ಪರದೆ ಇಟ್ಟುಕೊಂಡಿದ್ದರಂತೆ. ಅದರ ಹಿಂದೆ ಪಾತ್ರಧಾರಿ ಆರಾಮಾಗಿ ಎಲೆಅಡಿಕೆ ಹಾಕಿಕೊಂಡು ಕೂಡಬಹುದು, ಮುಂದೆ ಬಂದರೆ ಪಾತ್ರ. ಅತ್ತೆಯವರೂ ಇಷ್ಟು ವರ್ಷ ಗೋಡೆಯ ಹಿಂದೆ ಆರಾಮಾಗಿ ಕೂತೇ ಇದ್ದರು. ನಾವು ಹೋಗಿ ಪರದೆಯನ್ನೇ ಕಿತ್ತುಹಾಕಿದ್ದೆವು. ಡಿಸೈನರ್ ಹುಡುಗಿ ಯಾವ ಬಣ್ಣ ಇಷ್ಟ, ನಾಯಿ ಸಾಕುತ್ತೀರಾ ಅಂತೆಲ್ಲ ಕೇಳಿದ್ದಳು. ಈ ಮನೆಯಲ್ಲಿ ಯಾರು ಯಾರ ಮುಂದೆ ಕೂಡುವುದಿಲ್ಲ ಅಂತ ಕೇಳಿರಲಿಲ್ಲ. ಹೇಳಬೇಕಾದ ನಮಗೂ ಹೊಳೆದಿರಲಿಲ್ಲ ನೋಡಿ.

"ಕೂಡ್ರಬೇ, ಡಾಕ್ಟರ್ ಏನ್ ಹೇಳ್ಯಾರ?" ಅಂತ ಶಶಿ ಬೇಡಿಕೊಂಡಳು. ಅತ್ತೆಯವರು ಕೂಡಲಿಲ್ಲ. ನಾನು ಮಲಗುವ ಕೋಣೆಗೆ ಓಡಿದೆ. ಮರುದಿನ ತಿಂಡಿ ಅಂಗಡಿಯಲ್ಲಿ ಚಹಾ ಕುಡಿಯುತ್ತ ಹೊತ್ತು ಕಳೆದೆ. ಅದರ ಮರುದಿನ ಕೆಳಗೆ ಮೆಟ್ಟಿಲ ಮೇಲೆ ಕೂತೆ. ವಾಚ್‌ಮನ್ ನನ್ನನ್ನು ಮನೆಯಿಂದ ಹೊರಹಾಕಿದ್ದಾರೆಂದು ತಿಳಿದು ತನ್ನ ಸ್ಟೂಲು ಕೊಟ್ಟ. ಒಳಗೂ ಹೊರಗೂ ಒಂದೇ ಮಾಡಲು ಹೋಗಿ ಕೊನೆಗೆ ನಾನೇ ಹೊರಗಾಗಿದ್ದೆ.

ಇದನ್ನು ಅತ್ತೆಯವರು ಗಮನಿಸದೆ ಇರುತ್ತಾರೆಯೇ? "ಅಳಿಯಂದ್ರು ನನ್ನ ಸಲುವಾಗಿ ತಮ್ಮ ಮನ್ಯಾಗ ತಾವ ಕೂಡವಲ್ರು. ಇದು ನನಗ ಛಲೋ ಅನಸೂದಿಲ್ಲ. ನಾ ಹೋಗ್ತೀನಿ" ಅಂತ ಊರಿಗೆ ಫೋನ್ ಮಾಡಿಸಿದರು. ರವಿವಾರ ಮೈದುನನ ಮಗ ಕಾರು ತರುವುದೆಂದಾಯಿತು. ಚೀಲ ಕಟ್ಟಿ ಮಂಚದ ಕಾಲಿಗೆ ಆನಿಸಿಟ್ಟರು. ಶಶಿ ಅಡುಗೆಮನೆಯಲ್ಲಿ ನಿಂತು ಅತ್ತಳು. ಗೋಡೆ ಇಲ್ಲದ ಅಡುಗೆಮನೆಯಲ್ಲಿ ಮರೆಯಾಗಿ ಅಳುವುದಕ್ಕೂ ಜಾಗವಿಲ್ಲ. ಅವಳು ಫ್ರಿಜ್ಜಿನ ಬಾಗಿಲು ತೆರೆದುಕೊಂಡು ಅದರ ಹಿಂದೆ ಅತ್ತಳು.

ಶನಿವಾರ ಸಂಜೆ ಶಶಿ ಮೊಸರು ತರಲು ಹೋಗಿದ್ದಳು. ನಾನು ದಣಿದು ಬಂದೆ. ಅತ್ತೆಯವರು ಏಳತೊಡಗಿದರು. ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು: ಡಿಸೈನರ್ ಹುಡುಗಿಯ ಮೇಲೆ, ಗಾಜಿನ ಮೇಲೆ, ಅಳಿಯನಾದ ನನ್ನ ಮೇಲೆ. ಒಂದು ಕುರ್ಚಿ ದರದರ ಎಳೆದು ಗಾಜಿಗೆ ತಾಗಿಸಿ, ಮನೆಗೆ ಬೆನ್ನು ಮಾಡಿ, ಗಿಡದ ಕಡೆ ಮುಖ ಹಾಕಿ ಕೂತುಬಿಟ್ಟೆ. ಇದರಲ್ಲಿ ಜಾಣತನವೇನೂ ಇರಲಿಲ್ಲ, ಬರೀ ಮುನಿಸು.

ಸ್ವಲ್ಪ ಹೊತ್ತಿಗೆ ಹಿಂದೆ ಮಂಚ ಕಿರ್ರೆಂದಿತು. ಅತ್ತೆಯವರು ಕೂತಿದ್ದರು! ನನ್ನ ಮುಖ ಕಾಣದಿದ್ದರೆ ನಾನು ಎದುರಿಗೆ ಇದ್ದಂತಲ್ಲ ತಾನೆ? ನಾನು ಕತ್ತು ಅಲ್ಲಾಡಿಸದೆ ಕೂತೆ.

"ಏನೋ ಓಡ್ಯಾಡಾಕತ್ತೈತಿ ಕೆಳಗ" ಅಂತ ಹಿಂದಿನಿಂದ ದನಿ ಬಂತು, ಯಾರಿಗೆಂದಿಲ್ಲದೆ.

"ನವಿಲು" ಅಂದೆ, ಬೇವಿನ ಗಿಡಕ್ಕೆ.

"ಎಲ್ಲೈತೋ ಏನೋ."

"ಕಂಟಿಯ ಎಡಕ್ಕ ಐತಿ."

"ಹೌದೌದು, ಬಾಲ ಕಾಣಾಕತ್ತೈತಿ."

ಹೀಗೆ ಶುರುವಾಯಿತು. ಅವರು ಗಿಡಕ್ಕೆ ಹೇಳುವುದು, ನಾನು ಗಿಡಕ್ಕೆ ಉತ್ತರ ಕೊಡುವುದು. ಚಿಕ್ಕವರಿದ್ದಾಗ ಬೇವಿನ ಗಿಡ ಹತ್ತಿ ಇಳಿಯಲಾರದೆ ಅತ್ತದ್ದನ್ನು ಹೇಳಿದರು. "ಮದುವ್ಯಾಗ ಅಳಿಯಂದ್ರು ಭಾಳ ಸಣ್ಣಿದ್ರು. ಗಾಳಿ ಬಂದ್ರ ಬೀಳ್ತಾರೇನೋ, ಇಂಥವ್ರಿಗೆ ಹುಡುಗೀನ ಕೊಟ್ಟೆವಲ್ಲ ಅಂತ ಹೆದರಿದ್ದೆ" ಅಂತ ಗಿಡಕ್ಕೆ ವರದಿ ಒಪ್ಪಿಸಿದರು. ಮೊಸರು ಹಿಡಿದು ಬಂದ ಶಶಿ ಬಾಗಿಲಲ್ಲೇ ನಿಂತುಬಿಟ್ಟಳು.

ರವಿವಾರ ಕಾರು ಬಂತು. ಹುಡುಗ ಹೊಟ್ಟೆ ತುಂಬ ಉಂಡ. "ಮುಂದ ನೋಡೂಣಪಾ, ಈ ಬೇವಿಗೆ ಹಣ್ಣಾಗಲಿ" ಅಂತ ಅತ್ತೆಯವರು ಅವನನ್ನು ಒಬ್ಬನನ್ನೇ ಸಾಗಹಾಕಿದರು. ಶಶಿ ಆ ಚೀಲ ಬಿಚ್ಚಿ ಸೀರೆಗಳನ್ನು ತನ್ನ ಕಪಾಟಿನಲ್ಲಿ ಜೋಡಿಸಿದಳು.

ಅಂದಿನಿಂದ ನನ್ನ ಜಾಗ ಗಾಜಿನ ಹತ್ತಿರ. ಬಂದವರು ಗಂಡಹೆಂಡಿರ ಜಗಳ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಆ ಡಿಸೈನರ್ ಹುಡುಗಿ ಎಲ್ಲೇ ಇರಲಿ, ತಣ್ಣಗಿರಲಿ. ಆ ಗಿಡಗಳನ್ನು ನೆಟ್ಟ ಪುಣ್ಯಾತ್ಮರು ಯಾರೋ, ಅವರ ವಂಶ ಬೆಳೆಯಲಿ. ದಿನಾ ಸಂಜೆ ಕೂತೊಡನೆ ಮನಸ್ಸಿನಲ್ಲೇ ಅವರಿಗೆಲ್ಲ ಒಂದು ನಮಸ್ಕಾರ ಹಾಕುತ್ತೇನೆ. ಚಂದ ನೋಡಲೆಂದು ನಾವು ತೆರೆಸಿದ ಜಾಗದಲ್ಲಿ ನನಗೆ ಒಬ್ಬ ತಾಯಿ ಸಿಕ್ಕರು.

ಮೊನ್ನೆ ಮಳೆ ನಿಂತಿತ್ತು. ಬೇವಿನ ಹಣ್ಣಿಗೆ ಗಿಳಿಗಳ ದೊಡ್ಡ ಹಿಂಡೇ ಇಳಿಯಿತು. ನಾನು ಮೈಮರೆತು ಮುಂದಕ್ಕೆ ಬಾಗಿದೆ. ಹಿಂದಿನಿಂದ ದನಿ ಬಂತು. ಈ ಸಲ ಶಶಿಗೂ ಅಲ್ಲ, ಗಿಡಕ್ಕೂ ಅಲ್ಲ.

"ಅಳಿಯಂದ್ರ, ಒಂದೀಟು ಸರದು ಕೂಡ್ರಿ. ನಿಮ್ಮ ತಲಿ ಅಡ್ಡ ಬರಾಕತ್ತೈತಿ."

ಮದುವೆಯಾದಾಗಿನಿಂದ ಅವರು ನನಗೇ ಅಂತ ಆಡಿದ ಮೊದಲ ಮಾತು. ಕುರ್ಚಿ ಸಮೇತ ಸರಿದೆ. ತಿರುಗಿ ಮಾತ್ರ ನೋಡಲಿಲ್ಲ. ಕೂತಿದ್ದಾರೆ, ಎಲ್ಲಿ ಎದ್ದುಬಿಟ್ಟಾರೋ.