ಹಾಲ್‌ಗೆ ಇಪ್ಪತ್ತೆರಡು, ಅತ್ತೆಗೆ ಒಂದು

ಹೊಸ ಮನೆಯ ಹಾಲ್‌ನಲ್ಲಿ ಇಪ್ಪತ್ತೆರಡು ತೂತು ಕೊರೆಸಬೇಕೆಂದು ನನ್ನ ಗಂಡ ತೀರ್ಮಾನಿಸಿದ್ದರು. ಗೋಡೆಯಲ್ಲಲ್ಲ, ಜಿಪ್ಸಮ್ ಸೀಲಿಂಗಿನಲ್ಲಿ. ಪ್ರತಿ ತೂತಿಗೂ ಒಂದೊಂದು ಎಲ್‌ಇಡಿ ಲೈಟು.

ಇದೇ ಮನುಷ್ಯ ಮಲಯಾಳ ಸೀಮೆಯ ಪುಲ್ಪಳ್ಳಿಯ ಬಾಡಿಗೆ ಮನೆಯಲ್ಲಿ, ನಾನು ಬಚ್ಚಲಿನಿಂದ ಹೊರಗೆ ಕಾಲಿಡುವ ಮೊದಲೇ ಸ್ವಿಚ್ ಆರಿಸುತ್ತಿದ್ದವರು. ಹಾಗಿದ್ದರೆ ಇಪ್ಪತ್ತೆರಡು ಯಾಕೆ? "ಎಲ್‌ಇಡಿ ಕಣೇ, ಕರೆಂಟೇ ತಿನ್ನಲ್ಲ" ಎಂದರು. (ಕಡಿಮೆ ತಿನ್ನುತ್ತಾರೆ ಅಂತ ಇಪ್ಪತ್ತೆರಡು ಜನರನ್ನು ದಿನಾ ಊಟಕ್ಕೆ ಕರೆಯಲಾದೀತೆ?) ಕೇಣಿಚಿರದಲ್ಲಿ ಅವರದು ಸ್ಟೀಲ್ ಪಾತ್ರೆ ಅಂಗಡಿ. ಹೊಳೆಯುವುದೆಲ್ಲ ಅವರಿಗೆ ಇಷ್ಟ.

ನಮ್ಮ ವೈರಿಂಗ್ ಕೆಲಸ ಹಿಡಿದಿದ್ದವಳು ಸಿಂಧು. ನೂಲ್ಪುಳದ ಕಾಡಂಚಿನ ಹಾಡಿಯವಳು, ಐಟಿಐ ಮುಗಿಸಿ ಹತ್ತು ವರ್ಷದಿಂದ ಇದೇ ಕೆಲಸ. ಅವಳ ಮನೆಮಾತು ನಮ್ಮ ಕನ್ನಡಕ್ಕೆ ಹತ್ತಿರದ್ದು. ಹಾಗಾಗಿ ನನ್ನ ಜೊತೆ ಕನ್ನಡ, ನಡುನಡುವೆ ಮಲಯಾಳ: ನಾನು ಚೇಚಿ, ಅಂದರೆ ಅಕ್ಕ; ನಮ್ಮವರು ಚೇಟ, ಅಂದರೆ ಅಣ್ಣ.

ಅವಳು ನಮ್ಮವರ ಪಟ್ಟಿಯನ್ನು ಎರಡು ಸಲ ಓದಿದಳು. ಹಾಲ್‌ಗೆ ಇಪ್ಪತ್ತೆರಡು. ಅಡುಗೆಮನೆಗೆ ನಡುವೆ ಒಂದು. ಅತ್ತೆಯ ಕೋಣೆಗೆ ಮೂರು ವ್ಯಾಟಿನದೊಂದು. ಆಮೇಲೆ ನನ್ನ ಕಡೆ ತಿರುಗಿ, "ಚೇಚಿ, ನಾಳೆ ಸಂಜೆ ಎಲ್ರೂ ಬನ್ನಿ. ಮನೇಲಿ ಏನು ಕೆಲಸ ಮಾಡ್ತೀರೋ ಅದನ್ನೇ ತಗೊಂಡು ಬನ್ನಿ" ಎಂದಳು.

ಹೊಸ ಮನೆಗೆ ಹೋದೆವು. ಮಳೆ ಮೋಡ ಕವಿದು ಆರೂವರೆಗೇ ಕತ್ತಲಾಗಿತ್ತು. ಸಿಂಧು ಉದ್ದ ವೈರಿಗೆ ನಾಲ್ಕು ಹೋಲ್ಡರ್ ಕಟ್ಟಿಕೊಂಡು, ಚೀಲದ ತುಂಬ ಬಲ್ಬು ತಂದಿದ್ದಳು.

ಮೊದಲು ಅಡುಗೆಮನೆ. ನಡುವಿನ ಬಲ್ಬ್ ಹಾಕಿ ನನಗೆ ಬೀನ್ಸ್ ಹೆಚ್ಚಲು ಹೇಳಿದಳು. ಬೆಳಕು ನನ್ನ ಬೆನ್ನ ಹಿಂದೆ. ಮಣೆಯ ಮೇಲೆ ಪೂರಾ ನನ್ನದೇ ನೆರಳು. ಬಾಡಿಗೆ ಮನೆಯಲ್ಲೂ ಹೀಗೇ; ಇಷ್ಟು ವರ್ಷ ಬೆರಳಿಗೆ ಚಾಕು ತಾಗಿದಾಗಲೆಲ್ಲ ನನ್ನ ಅವಸರವನ್ನೇ ಬೈದುಕೊಂಡಿದ್ದೆನಲ್ಲ! ಸಿಂಧು ಕಟ್ಟೆಯ ಮೇಲಿನ ಶೆಲ್ಫಿನ ಅಡಿಗೆ ಒಂದು ಸಣ್ಣ ಟ್ಯೂಬ್ ಹಿಡಿದಳು. ನೆರಳು ಮಾಯ.

ಆಮೇಲೆ ಹಾಲ್. ನಮ್ಮವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತರು. ನಾಲ್ಕು ಲೈಟ್ ಹಚ್ಚಿದ್ದಕ್ಕೇ ಸಣ್ಣ ಅಕ್ಷರವೂ ಓದಲು ಬಂತು. ಆದರೂ, ನೆಂಟರು ಬಂದಾಗ ಚೆನ್ನಾಗಿ ಕಾಣಬೇಡವೇ ಎಂದು ತಗಾದೆ ತೆಗೆದರು.

"ನೆಂಟರು ಬಂದು ಸೀಲಿಂಗ್ ನೋಡ್ತಾರಾ ಚೇಟ, ನಿಮ್ಮ ಮುಖ ನೋಡ್ತಾರಾ?" ಎಂದಳು ಸಿಂಧು. ನಮ್ಮವರು ಪೇಪರ್ ಮಡಚಿ ಎದ್ದರು.

ಕೊನೆಗೆ ಅತ್ತೆಯ ಕೋಣೆ. ಅತ್ತೆ ಬರಿಗೈಯಲ್ಲಿ ಬಂದಿದ್ದರು. ಅಜ್ಜಿ ಏನು ಮಾಡುತ್ತಾರೆ ಎಂದು ಸಿಂಧು ಕೇಳಿದಾಗ ನಾನೇ ಉತ್ತರ ಕೊಟ್ಟೆ: ಏನಿಲ್ಲ, ಸುಮ್ಮನೆ ಕೂತಿರುತ್ತಾರೆ.

"ಕಾಳು ಹಸನು ಮಾಡ್ತಿದ್ದೆ" ಎಂದರು ಅತ್ತೆ, ಮೆಲ್ಲಗೆ.

ನಿಜ. ಗುಂಡ್ಲುಪೇಟೆ ಕಡೆಯಿಂದ ಈ ಊರಿಗೆ ಬಂದಾಗಿನಿಂದ ಮನೆಯ ಹುರುಳಿ, ಅವರೆ, ಅಕ್ಕಿ ಎಲ್ಲ ಹಸನಾಗುತ್ತಿದ್ದದ್ದು ಅವರ ಕೈಯಲ್ಲೇ, ಸಂಜೆ ಹೊತ್ತು ಅವರ ಕೋಣೆಯಲ್ಲಿ. ಹೋದ ವರ್ಷ ಹುರುಳಿ ಸಾರಿನಲ್ಲಿ ಕಲ್ಲು ಸಿಗತೊಡಗಿತು. ಕಣ್ಣಿನ ಡಾಕ್ಟರು ಕನ್ನಡಕ ಬದಲಿಸಿ, ಕಣ್ಣು ಚೆನ್ನಾಗಿದೆ ಎಂದರು. ಕಲ್ಲು ಮಾತ್ರ ನಿಲ್ಲಲಿಲ್ಲ. ನಾವು ವಯಸ್ಸಿನ ಮೇಲೆ ಹಾಕಿದೆವು. ಒಂದು ದಿನ ನಾನು, ನಿಮಗೆ ಇನ್ನು ಆಗಲ್ಲ ಬಿಡಿ ಅತ್ತೆ ಎಂದು ಮೊರ ತೆಗೆದಿಟ್ಟೆ. ಅವರು ಮತ್ತೆ ಕೇಳಲಿಲ್ಲ. ಸಂಜೆ ಕೋಣೆಯಲ್ಲಿ ಕೂತಿರುತ್ತಿದ್ದರು. ಜಪ ಮಾಡುತ್ತಾರೆ ಅಂದುಕೊಂಡಿದ್ದೆ.

ನನ್ನ ಚೀಲದಲ್ಲಿ ದಾರಿಯಲ್ಲಿ ಕೊಂಡ ಹುರುಳಿ ಇತ್ತು. ನಮ್ಮವರ ಪೇಪರನ್ನೇ ನೆಲಕ್ಕೆ ಹಾಸಿ ಸುರಿದೆವು. ಸಿಂಧು ಮೊದಲು ಮೂರು ವ್ಯಾಟಿನದನ್ನು ಸೀಲಿಂಗಿನ ಹತ್ತಿರ ಹಿಡಿದಳು. ನಮ್ಮ ಬಾಡಿಗೆ ಮನೆಯ ಅತ್ತೆಯ ಕೋಣೆಯಲ್ಲಿ ಇರುವುದೂ ಅಂಥದ್ದೇ, ಹೋದ ವರ್ಷ ಉಳಿತಾಯಕ್ಕೆಂದು ನಮ್ಮವರು ಹಾಕಿಸಿದ್ದು. ಅತ್ತೆ ಬೆರಳಿನಿಂದ ಕಾಳನ್ನು ತಡವಿದರು. ನನಗೂ ಏನೂ ಕಾಣುತ್ತಿರಲಿಲ್ಲ, ಎಲ್ಲ ಒಂದೇ ಕಂದು.

ಆಮೇಲೆ ಒಂಬತ್ತು ವ್ಯಾಟಿನದನ್ನು, ಕಣ್ಣಿಗೆ ಚುಚ್ಚದಂತೆ ರಟ್ಟು ಮರೆ ಮಾಡಿ, ಅವರ ಎಡಗಡೆಗೆ ತಗ್ಗಿಸಿ ಹಿಡಿದಳು.

ಒಂದು ಕಲ್ಲು. ಎರಡು. ಮೂರು. ಅತ್ತೆಯ ಬೆರಳು ಕೋಳಿಯ ಕೊಕ್ಕಿನ ಹಾಗೆ ಓಡಾಡಿತು. ಏಳು ಕಲ್ಲನ್ನು ಆರಿಸಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಆಮೇಲೆ ನನ್ನನ್ನು ನೋಡಿದರು.

"ಕಾಣ್ತದೆ ಕಣವ್ವ. ನೀವೆಲ್ಲ ನಂಗೆ ವಯಸ್ಸಾಯ್ತು ಅಂದ್ರಲ್ಲ, ಅದ್ಕೇ ನಾನೂ ಹೌದು ಅಂದ್ಕಂಡಿದ್ದೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಮ್ಮವರು ಜೇಬಿನಿಂದ ಪೆನ್ನು ತೆಗೆದು ಪಟ್ಟಿಯನ್ನು ತಿದ್ದತೊಡಗಿದರು.

ಸಿಂಧು ಹೋಗುವ ಮುಂಚೆ ಬಲ್ಬಿನ ಡಬ್ಬಿ ತೋರಿಸಿ ಪಾಠ ಹೇಳಿದಳು. ವ್ಯಾಟ್ ಅಂದರೆ ಬಲ್ಬು ಎಷ್ಟು ತಿನ್ನುತ್ತದೆ ಅಂತ, ಲೂಮೆನ್ ಅಂದರೆ ಎಷ್ಟು ಬೆಳಕು ಕೊಡುತ್ತದೆ ಅಂತ. ನಾವೆಲ್ಲ ತಿನ್ನುವುದನ್ನು ಓದಿ ಕೊಡುವುದನ್ನು ಓದದೆ ತರುತ್ತೇವಂತೆ. (ಮದುವೆಗೆ ಹುಡುಗ ನೋಡುವಾಗಲೂ ಈ ಮಾತು ನೆನಪಿಟ್ಟುಕೊಳ್ಳಬಹುದು.)

ಈಗ ಹೊಸ ಮನೆಗೆ ಬಂದು ಎರಡು ತಿಂಗಳು. ಹಾಲ್‌ನಲ್ಲಿ ಆರೇ ಲೈಟು. ಇಲ್ಲಿಯವರೆಗೆ ಯಾವ ನೆಂಟರೂ ದೂರು ಕೊಟ್ಟಿಲ್ಲ. ಅತ್ತೆಯ ಕೋಣೆಯಲ್ಲಿ ಕೆಲಸಕ್ಕೊಂದು ಒಳ್ಳೆಯ ಬೆಳಕು, ಎದ್ದು ಓಡಾಡಲು ಗೋಡೆಯ ಬುಡದಲ್ಲಿ ಒಂದು ಪುಟ್ಟ ದೀಪ. ಎಲ್ಲ ಸೇರಿದರೂ ನಮ್ಮವರ ಮೊದಲ ಪಟ್ಟಿಯ ಅರ್ಧ ಕರೆಂಟೂ ಬೇಡ. ಮೊರ ಅತ್ತೆಯ ಕೈಗೆ ವಾಪಸು ಹೋಗಿದೆ. ಒಂದೇ ತೊಂದರೆ, ಅತ್ತೆಗೆ ಈಗ ಫ್ಯಾನಿನ ಮೇಲಿನ ಧೂಳೂ ಕಾಣುತ್ತದೆ, ಮತ್ತು ಅದನ್ನು ದಿನಾ ನನಗೆ ತಿಳಿಸುತ್ತಾರೆ.

ಇರಲಿ, ಒರೆಸುತ್ತೇನೆ.

ನೀವೂ ಇವತ್ತು ಸಂಜೆ ಒಮ್ಮೆ ಮನೆಯೆಲ್ಲ ಸುತ್ತಿ ನೋಡಿ: ಎಲ್ಲಕ್ಕಿಂತ ಸಣ್ಣ ಬಲ್ಬು ಯಾರ ಕೋಣೆಯಲ್ಲಿದೆ?