ಇಳಿಹೊತ್ತಿನ ಸಂತೆ

ಅಣ್ಣಿಗೇರಿ ಸಂತೆಯಲ್ಲಿ ನಮ್ಮ ಶಾಲೆಯ ಹಿಂದಿನ ಹೆಡ್‌ಮಾಸ್ತರು ಮುಲ್ಲಾ ಸರ್ ಎದುರಾದಾಗ ನಾನು ಸರಕ್ಕನೆ ಪಕ್ಕಕ್ಕೆ ಸರಿದೆ. ಖಾಸಗಿ ಶಾಲೆಯಲ್ಲಿ ಟೀಚರಾಗಿದ್ದ ನನಗೆ ಪಿಂಚಣಿಯಿಲ್ಲ. ಎಲ್ಲದರ ಬೆಲೆ ಏರಿದ ಮೇಲೆ, ವ್ಯಾಪಾರಿಗಳು ಗಂಟು ಕಟ್ಟುವ ಹೊತ್ತಿಗೆ ಹೋಗಿ, ಉಳಿದ ತರಕಾರಿಯನ್ನು ಅಗ್ಗಕ್ಕೆ ತರುತ್ತಿದ್ದೆ. ಅದು ಸರ್‌ಗೆ ತಿಳಿಯುವುದು ಬೇಡವಾಗಿತ್ತು.

ಅವರೇ ಹತ್ತಿರ ಬಂದು, ಬಾಡಿದ ಮೆಂತ್ಯೆಸೊಪ್ಪು ತುಂಬಿದ್ದ ತಮ್ಮ ಚೀಲ ತೆರೆದು ತೋರಿಸಿದರು.

"ನಾಚಕೋಬ್ಯಾಡ್ರಿ ಬಾಯಾರ, ನಾನೂ ಇದಽ ಹೊತ್ತಿಗೆ ಬರೋದು. ಹ್ವಾದ ವಾರ ನಿಮ್ಮನ್ನ ಕಂಡು ನಾನಽ ಅಡಗಿದ್ದೆ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ಸಂಜೆ ಕೂಡಿಯೇ ಚೌಕಾಸಿ ಮಾಡಿ, ಒಂದಿಡೀ ಬುಟ್ಟಿ ಬದನೆಕಾಯಿ ಕೊಂಡು ಹಂಚಿಕೊಂಡೆವು.

ಕೈಯಲ್ಲಿರುವ ದುಡ್ಡು ಈಗಲೂ ತಿಂಗಳ ಕೊನೆಯವರೆಗೆ ಸಾಲುವುದಿಲ್ಲ. ಆದರೆ ಆ ಕೊರತೆಯನ್ನು ಒಬ್ಬಳೇ ಬಚ್ಚಿಟ್ಟುಕೊಂಡು ತಿರುಗುವ ಸಂಕಟ ತಪ್ಪಿತು. ಈಗ ಸಂತೆಯ ದಿನ ಅವರ ಹೆಂಡತಿಯೂ ನಮ್ಮ ಜೊತೆ ಬರುತ್ತಾರೆ.